ಎಕ್ಸ್‌ಟ್ರಾ ಲೈಟಿಗೆ ರಿಲೇ ವೈರಿಂಗ್: ರೆಡಿಮೇಡ್ ಕಿಟ್ಟೋ, ಕೈಯಾರೆ ಕಟ್ಟಿದ್ದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಯಾರೆ ಕಟ್ಟಿದ ವೈರಿಂಗಿಗೆ. ರಿಲೇ ಅಂದರೆ ಒಳಗಿನ ಕಾಯಿಲಿಗೆ (ತಂತಿಯ ಸುರುಳಿಗೆ) ಚೂರು ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ ಒಂದು ಸ್ವಿಚ್ಚನ್ನು ಎಳೆದು ದೊಡ್ಡ ಕರೆಂಟನ್ನು ಹರಿಯಬಿಡುವ ಪುಟ್ಟ ಡಬ್ಬಿ. ಬಿಡಿ ರಿಲೇ, ಬಿಡಿ ಸಾಕೆಟ್, ಅಳತೆಗೆ ಕತ್ತರಿಸಿದ ತಾಮ್ರದ ವೈರು ತಂದು ನಾವೇ ಜೋಡಿಸುವುದು. ಒಂದೇ ಜೊತೆ 55 ವ್ಯಾಟ್ ಹ್ಯಾಲೊಜೆನ್ ಡ್ರೈವಿಂಗ್ ಲೈಟುಗಳನ್ನು ನನ್ನ ಕಾರಿನ ಮೂತಿಗೆ ಕಟ್ಟಿ ಮೂರು ಬಗೆಯಲ್ಲಿ ಉರಿಸಿ ನೋಡಿದ್ದೇನೆ: ರಿಲೇ ಇಲ್ಲದೆ ನೇರ ಸ್ವಿಚ್ಚಿನಿಂದ, ಪೆಟ್ಟಿಗೆಯಲ್ಲಿ ಬಂದ ಕಿಟ್ಟಿನಿಂದ, ಆಮೇಲೆ ಸ್ವಂತದ್ದರಿಂದ. ನಾಲ್ಕನೆಯದಾದ, ಸಾದಾ ರಿಲೇ ಬದಲು ಲೈಟುಗಳನ್ನು ಹಚ್ಚಿ ಆರಿಸುವ ಎಲೆಕ್ಟ್ರಾನಿಕ್ ಬಾಕ್ಸನ್ನು ಗೆಳೆಯನ ಗಾಡಿಯಲ್ಲಿ ಬಳಸಿ ನೋಡಿದ್ದು.

ನೇರ ಸ್ವಿಚ್ಚಿನ ವಿಚಾರ ಬೇಗ ಮುಗಿಯುತ್ತದೆ. ಎರಡು ಲೈಟು ಸೇರಿ 110 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 9 ಆಂಪಿಯರ್‌ಗಿಂತ ಹೆಚ್ಚು. ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ತನಕ ಬಂದು, ಸ್ವಿಚ್ ದಾಟಿ, ಮತ್ತೆ ಬಂಪರಿನ ತನಕ ಹೋಗಬೇಕು. 0.75 ಚದರ ಮಿ.ಮೀ. ವೈರು 4 ಮೀಟರ್ ಇದ್ದರೆ ಅದರಲ್ಲೇ ಹತ್ತಿರಹತ್ತಿರ 1 ವೋಲ್ಟ್ ಕರಗಿಹೋಗುತ್ತದೆ. ಹ್ಯಾಲೊಜೆನ್ ಬಲ್ಬಿಗೆ ಇದು ದೊಡ್ಡ ಪೆಟ್ಟು: ವೋಲ್ಟೇಜು ಶೇ. 10 ಇಳಿದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಬಲ್ಬಿಗೆ ಕೊಟ್ಟ ದುಡ್ಡು ವೈರು ಬಿಸಿಮಾಡಲು ಹೋಯಿತು. ಸ್ವಿಚ್ಚಿನ ಬೆನ್ನು ಮುಟ್ಟಿದರೆ ಬೆರಳು ಹಿಂದೆಗೆಯುವಷ್ಟು ಕಾದಿತ್ತು. ಹೋಲಿಸಲೆಂದೇ ಹಾಕಿದ್ದು, ಮೀಟರ್ ಹಿಡಿದು ಅಳೆದು ಅಂದೇ ಬಿಚ್ಚಿದೆ.

ಕಿಟ್ಟಿನ ಆಕರ್ಷಣೆ ನನಗೂ ಅರ್ಥವಾಗುತ್ತದೆ. ರಿಲೇ, ಫ್ಯೂಸು, ಸ್ವಿಚ್ಚು ಎಲ್ಲ ಜೋಡಿಸಿಯೇ ಬಂದಿರುತ್ತದೆ. ಬ್ಯಾಟರಿಗೆ ಎರಡು ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಉಂಗುರ), ಲೈಟಿಗೆ ಎರಡು ಕನೆಕ್ಟರ್, ಹೈ ಬೀಮ್ ವೈರಿಗೆ ಒಂದು ಟ್ಯಾಪ್. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿದಿತ್ತು. ಸಂಜೆ ಹೆಡ್‌ಲೈಟ್ ಹಾಕಿದೆ. ಡಿಮ್ ಇದ್ದಾಗ ಟಕ್ ಅಂತ ರಿಲೇ ಎಳೆದುಕೊಂಡು ಎಕ್ಸ್‌ಟ್ರಾ ಲೈಟು ಎರಡೂ ಧಗ್ಗನೆ ಹತ್ತಿದವು. ಹೈ ಬೀಮಿಗೆ ಹಾಕಿದೆ, ಟಕ್, ಆರಿದವು. ಬೇಕಾದದ್ದಕ್ಕೆ ನೇರ ಉಲ್ಟಾ.

ಈ ಒಂದು ತೊಡಕನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಕಿಟ್ಟಿನ ಪೆಟ್ಟಿಗೆಯ ಮೇಲೆ ಇದರ ಸುಳಿವೇ ಇರಲಿಲ್ಲ. ಡಿಮ್, ಹೈ ಎರಡರ ಫಿಲಮೆಂಟೂ ಒಂದರಲ್ಲೇ ಇರುವ ಎಚ್4 ಹೆಡ್‌ಲೈಟ್ ಬಲ್ಬಿಗೆ ಮೂರು ಕಾಲು: ಒಂದು ಕಾಮನ್, ಒಂದು ಡಿಮ್, ಒಂದು ಹೈ. ಹಲವು ಗಾಡಿಗಳಲ್ಲಿ ಕಾಮನ್ ಕಾಲು ಗಾಡಿಯ ಲೋಹದ ಬಾಡಿಗೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ, ಅರ್ಥ್ ಆಗಿರುತ್ತದೆ, ಡಿಮ್ಮರ್ ಸ್ವಿಚ್ಚು ಪ್ಲಸ್ ಕಳಿಸುತ್ತದೆ. ಕಿಟ್ ಮಾಡುವವರು ಇದನ್ನೇ ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ನನ್ನದರಂಥ ಇನ್ನು ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಹಾಕಿದ ಕೂಡಲೇ ಕಾಮನ್ ಕಾಲಿಗೇ ಪ್ಲಸ್ ಬರುತ್ತದೆ. ಡಿಮ್ಮರ್ ಸ್ವಿಚ್ಚು ಬೇಕಾದ ಫಿಲಮೆಂಟನ್ನು ಅರ್ಥಿಗೆ ಇಳಿಸುತ್ತದೆ. ಡಿಮ್ ಉರಿಯುವಾಗ ಹೈ ಫಿಲಮೆಂಟಿನ ಇನ್ನೊಂದು ತುದಿ ಎಲ್ಲಿಗೂ ತಾಗಿರುವುದಿಲ್ಲ. ಹಾಗಾಗಿ ಕಾಮನ್ ಕಾಲಿನ ಪ್ಲಸ್ಸು ಫಿಲಮೆಂಟಿನ ಮೂಲಕವೇ ಹಾದು ಆ ಕಾಲಿನ ಮೇಲೆ ಬಂದು ಕೂತಿರುತ್ತದೆ. ಫಿಲಮೆಂಟಿನ ರೆಸಿಸ್ಟೆನ್ಸ್ ಒಂದು ಓಮ್ ಕೂಡ ಇಲ್ಲ, ರಿಲೇ ಕಾಯಿಲಿನದ್ದು 80-90 ಓಮ್. ರಿಲೇ ಎಳೆಯಲು ಅಷ್ಟು ಸಾಕೋ ಸಾಕು. ಹೈ ಬೀಮ್ ಹಾಕಿದರೆ ಅದೇ ಕಾಲು ಅರ್ಥಿಗೆ ಇಳಿಯುತ್ತದೆ, ಕಾಯಿಲಿಗೆ ಏನೂ ಸಿಗುವುದಿಲ್ಲ.

ಎದುರಿನ ಗಾಡಿಗೆಂದು ಮರ್ಯಾದೆಯಿಂದ ಡಿಮ್ ಮಾಡಿದ ಆ ಕ್ಷಣವೇ ಅವರ ಕಣ್ಣಿಗೆ ಇನ್ನೂ 110 ವ್ಯಾಟ್ ಬೆಳಕು ಎರಚುವ ವೈರಿಂಗ್ ಇದು. ಹಾಗೆ ಇಟ್ಟುಕೊಂಡು ರಸ್ತೆಗೆ ಇಳಿಯುವ ಮಾತೇ ಇಲ್ಲ.

ಪರಿಹಾರ ಕಾಗದದ ಮೇಲೆ ಸುಲಭ. ಕಾಯಿಲಿನ ಎರಡು ತುದಿಗಳನ್ನು, ಅಂದರೆ 85 ಮತ್ತು 86ನ್ನು, ಹೈ ಫಿಲಮೆಂಟಿನ ಎರಡು ಕಾಲಿಗೇ ಅಡ್ಡಲಾಗಿ ಕೊಟ್ಟರೆ ಗಾಡಿ ಯಾವ ಬಗೆಯದಾದರೂ ಹೈ ಬೀಮ್ ಉರಿದಾಗ ಮಾತ್ರ ರಿಲೇ ಎಳೆಯುತ್ತದೆ. ಕಾಯಿಲಿಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಆದರೆ 86ಕ್ಕೇ ಪ್ಲಸ್ ಬರಬೇಕು, ಅಷ್ಟು ನೋಡಿಕೊಂಡರಾಯಿತು. ಆದರೆ ಕಿಟ್ಟಿನಲ್ಲಿ ಇದನ್ನು ಮಾಡುವುದು ಹೇಗೆ? 85ರ ಕಪ್ಪು ವೈರು ಹೊರಗೆ ಕಾಣುವುದೇ ಇಲ್ಲ. ಕವಚದ ಒಳಗೆಲ್ಲೋ ಲೈಟುಗಳ ಅರ್ಥ್ ವೈರಿನ ಜೊತೆ ಸೇರಿಬಿಟ್ಟಿದೆ. ಬ್ಲೇಡಿನಿಂದ ಕವಚ ಉದ್ದಕ್ಕೂ ಸೀಳಿದೆ. ಜೋಡಣೆ ಸಿಕ್ಕಿತು: ನಾಲ್ಕು ವೈರನ್ನು ಹುರಿಮಾಡಿ ಬರೀ ಟೇಪು ಸುತ್ತಿದ್ದರು, ಲೋಹದ ತುದಿ ಒತ್ತಿ ಬಿಗಿಯುವ ಕ್ರಿಂಪೂ ಇಲ್ಲ, ಬೆಸುಗೆಯೂ ಇಲ್ಲ. ಕತ್ತರಿಸಿದ ವೈರಿನ ಎಳೆಯೊಂದನ್ನು ಉಗುರಿನಿಂದ ಕೆರೆದರೆ ತಾಮ್ರದ ಬಣ್ಣ ಎದ್ದು ಒಳಗೆ ಬೆಳ್ಳಗೆ ಹೊಳೆಯಿತು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರಕ್ಕಿಂತ ರೆಸಿಸ್ಟೆನ್ಸ್ ಹೆಚ್ಚು, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಕಿಟ್ಟನ್ನು ಸರಿಪಡಿಸುವ ಆಸೆ ಅಲ್ಲಿಗೆ ಬಿಟ್ಟೆ. ರಿಲೇ ಕೂಡ ವೈರಿನ ಜೊತೆ ಅಂಟಿಸಿಯೇ ಬಂದಿತ್ತು. ಕೆಟ್ಟರೆ ಅದೊಂದನ್ನೇ ಬದಲಿಸುವಂತಿಲ್ಲ.

ಸ್ವಂತ ವೈರಿಂಗಿಗೆ ಹಾಕಿದ್ದು ನಾಲ್ಕು ಕಾಲಿನ 40 ಆಂಪಿಯರ್ ರಿಲೇ, ಕಳಚಬಹುದಾದ ಸಾಕೆಟ್ ಸಮೇತ. ಬ್ಯಾಟರಿಯಿಂದ ರಿಲೇಯ 30 ನಂಬರಿನ ಕಾಲಿಗೆ, 87 ನಂಬರಿನ ಕಾಲಿನಿಂದ ಲೈಟಿಗೆ 2.5 ಚದರ ಮಿ.ಮೀ. ತಾಮ್ರ. ಕಾಯಿಲಿಗೆ ಹರಿಯುವುದು ಸುಮಾರು 0.15 ಆಂಪಿಯರ್ ಮಾತ್ರ, ಅದಕ್ಕೆ ಮತ್ತು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ತೆಳು ವೈರು ಸಾಕು. ಅಂಗಡಿಯವರು ಐದು ಕಾಲಿನದನ್ನು ಕೊಟ್ಟರೆ ಮೈಮೇಲಿನ ನಂಬರ್ ಓದಿ: ನಡುವಿನ ಕಾಲು 87ಎ ಆಗಿದ್ದರೆ ಅದಕ್ಕೆ ಕೊಟ್ಟ ಲೈಟು ರಿಲೇ ಆಫ್ ಇದ್ದಾಗಲೇ ಉರಿಯುತ್ತದೆ. ಕೆಲವದರಲ್ಲಿ ಅದೂ 87 ಆಗಿರುತ್ತದೆ, ಅದರಿಂದ ತೊಂದರೆಯಿಲ್ಲ.

ಫ್ಯೂಸು 15 ಆಂಪಿಯರಿನದು, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ. ಫ್ಯೂಸು ಕಾಯುವುದು ವೈರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರು ಎಲ್ಲಾದರೂ ಬಾಡಿಗೆ ಉಜ್ಜಿ ಶಾರ್ಟ್ ಆದರೆ ತಡೆಯುವವರು ಯಾರೂ ಇಲ್ಲ. ಕಿಟ್ಟಿನಲ್ಲಿ ಫ್ಯೂಸು ಮೊಳದಾಚೆ ಇತ್ತು. ರಿಲೇಯನ್ನು ಕಾಲು ಕೆಳಗೆ ಬರುವಂತೆ ಕೂರಿಸಿದೆ, ನೀರು ನಿಲ್ಲಬಾರದು.

ಅರ್ಥಿಗೆ ಬೋಲ್ಟಿನ ಸುತ್ತ ಬಣ್ಣ ಕೆರೆದು, ಲೋಹ ಹೊಳೆಯುವ ಜಾಗಕ್ಕೆ ರಿಂಗ್ ಲಗ್ ಕೂರಿಸಿ ಮೇಲೆ ಗ್ರೀಸ್ ಸವರಿದೆ. ಲೈಟು ಉರಿಯುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಲೈಟಿನ ಮೈನಸ್ಸಿಗೆ ಇಟ್ಟರೆ ಅರ್ಥಿನ ನಿಜ ಬಣ್ಣ ಬಯಲಾಗುತ್ತದೆ. ನನ್ನದರಲ್ಲಿ 0.1 ವೋಲ್ಟೂ ಬರಲಿಲ್ಲ. ಬ್ಯಾಟರಿಯಿಂದ ಬಲ್ಬಿನವರೆಗೆ ಎರಡೂ ಕಡೆಯ ಒಟ್ಟು ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ಅದೇ ಬಲ್ಬು, ಅದೇ ಕಾರು, ಬೆಳಕು ಹಳದಿಯಿಂದ ಬಿಳಿಗೆ ತಿರುಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ಖರ್ಚಿನಲ್ಲಿ ಕಿಟ್ಟೇ ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ತಾಮ್ರದ ವೈರಿಗೇ ಕಿಟ್ಟಿನಷ್ಟು ದುಡ್ಡು ಹೋಗುತ್ತದೆ, ಕ್ರಿಂಪ್ ಮಾಡುವ ಪ್ಲೈಯರ್ ಬೇರೆ. ನಾನು ಪ್ಲೈಯರ್ ಎರವಲು ತಂದೆ. ಇಡೀ ದಿನ ಹಿಡಿಯಿತು ಕೂಡ. ಆದರೂ ರಾತ್ರಿ ಒಬ್ಬನೇ ದೂರ ಓಡಿಸುವವನು ನಾನು, ಗ್ಲೋವ್ ಬಾಕ್ಸಿನಲ್ಲಿ ಒಂದು ರಿಲೇ, ಎರಡು ಫ್ಯೂಸು ಸದಾ ಇರುತ್ತವೆ. ದಾರಿಯಲ್ಲಿ ಕೆಟ್ಟರೆ ಟಾರ್ಚ್ ಬೆಳಕಿನಲ್ಲೇ ಕಿತ್ತು ಹಾಕಬಹುದು ಎನ್ನುವ ಧೈರ್ಯಕ್ಕೆ ಆ ದುಡ್ಡು ಹೆಚ್ಚೆನಿಸುವುದಿಲ್ಲ.

ಗೆಳೆಯನ ಎಲೆಕ್ಟ್ರಾನಿಕ್ ಬಾಕ್ಸ್ ಇದೇ ಕಾರಣಕ್ಕೆ ನನಗೆ ಒಗ್ಗದು: ಸತ್ತರೆ ಲೈಟುಗಳೆಲ್ಲ ಒಟ್ಟಿಗೆ ಸತ್ತವು, ದಾರಿಯಲ್ಲಿ ಮಾಡಲು ಏನೂ ಇಲ್ಲ. ಆದರೆ ಅವನ ಗಾಡಿಗೆ ಅದು ಬೇಕೇ ಬೇಕಿತ್ತು. ಅಲ್ಲಿ ಹೆಡ್‌ಲೈಟಿಗೆ ಕರೆಂಟು ಸತತವಾಗಿ ಬರುವುದಿಲ್ಲ, ಕಂಪ್ಯೂಟರು ಸೆಕೆಂಡಿಗೆ ಹಲವಾರು ಸಲ ಕೊಟ್ಟು ಕಡಿಯುತ್ತದೆ. ಸಾದಾ ರಿಲೇಯನ್ನು ಅದಕ್ಕೆ ತಾಗಿಸಿ ನೋಡಿದೆವು, ಜೇನುಹುಳುವಿನ ಹಾಗೆ ಗುಂಯ್‌ಗುಟ್ಟಿತು.

ಇನ್ನು ಎಲ್‌ಇಡಿ. ಎರಡೂ ಸೇರಿ 3 ಆಂಪಿಯರ್ ಎಳೆಯುವ ಚಿಕ್ಕ ಲೈಟುಗಳಾದರೆ ಕಿಟ್ಟಿನ ತೆಳು ವೈರೂ ನಡೆದೀತು. ಅವುಗಳಲ್ಲಿ ಒಳ್ಳೆಯವಕ್ಕೆ ಒಳಗೇ ಡ್ರೈವರ್ (ಕರೆಂಟನ್ನು ಒಂದೇ ಸಮ ಇಡುವ ಸರ್ಕ್ಯೂಟ್) ಇರುವುದರಿಂದ ಅರ್ಧ ವೋಲ್ಟ್ ಇಳಿದರೂ ಬೆಳಕು ಕುಂದುವುದಿಲ್ಲ. ಉಲ್ಟಾ ಹತ್ತುವ ತೊಡಕು ಮಾತ್ರ ಎಲ್‌ಇಡಿಗೂ ತಪ್ಪಿದ್ದಲ್ಲ. ಎಚ್4 ಗಾಡಿಯವರು ಕಿಟ್ ಕೊಳ್ಳುವ ಮುಂಚೆ ಡಿಮ್ ಹಾಕಿ, ಮೀಟರಿನ ಕಪ್ಪು ಕಡ್ಡಿ ಬಾಡಿಗೆ, ಕೆಂಪು ಕಡ್ಡಿ ಹೈ ಬೀಮಿನ ಕಾಲಿಗೆ ಇಟ್ಟು ನೋಡಿ. ಸೊನ್ನೆ ತೋರಿಸಿದರೆ ಕಿಟ್ಟಿನ ಚಿತ್ರದಂತೆ ಕೊಡಬಹುದು. 12ರ ಆಸುಪಾಸು ತೋರಿಸಿದರೆ ಕಾಯಿಲಿನ ಎರಡೂ ವೈರು ಬಿಡಿಯಾಗಿ ಹೊರಗೆ ಬಂದಿರುವ ಕಿಟ್ಟನ್ನೇ ಕೇಳಿ ತನ್ನಿ.