ಅಂಕಿಯಿಂದ ಅಕ್ಷರಕ್ಕೆ: ಪಟ್ಟಿಯೋ, ನಿಯಮವೋ, ಸಿದ್ಧ ಲೈಬ್ರರಿಯೋ?

ಒಂದು ಸಂಖ್ಯೆಯನ್ನು ಕೊಟ್ಟರೆ ಅದನ್ನು ಚೆಕ್ಕಿನ ಮೇಲೆ ಬರೆಯುವಂತೆ ಕನ್ನಡ ಅಕ್ಷರಗಳಲ್ಲಿ ಬರೆದುಕೊಡುವ ಪ್ರೋಗ್ರಾಂ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯತೊಡಗಿದವರಿಗೆ ಒಳ್ಳೆಯ ಅಭ್ಯಾಸ. ಆ ಭಾಷೆಯಲ್ಲೇ ಇರುವ ‘ಸ್ಟ್ರ್’ ಫಂಕ್ಷನ್ ಇಲ್ಲಿ ಸಾಲದು. ಅದು 74ನ್ನು ಏಳು, ನಾಲ್ಕು ಎಂಬ ಅಂಕಿಗಳ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಸುತ್ತದೆಯೇ ಹೊರತು ‘ಎಪ್ಪತ್ತನಾಲ್ಕು’ ಎನ್ನುವುದಿಲ್ಲ. ಅಲ್ಲಿಂದ ಮುಂದಕ್ಕೆ ಇರುವ ದಾರಿಗಳನ್ನು ಒಂದೊಂದಾಗಿ ಬರೆದು, ಚಲಾಯಿಸಿ ನೋಡಿದ್ದೇನೆ.

ಅಂಕಿಗೊಂದು ಪದದಂತೆ ‘ಏಳು ನಾಲ್ಕು’ ಎಂದು ಓದಿಸುವುದು ಅತಿ ಸುಲಭ, ಆದರೆ ಅದು ಫೋನ್ ನಂಬರಿಗೆ ಮಾತ್ರ ಒಪ್ಪುತ್ತದೆ. ಇಂಗ್ಲಿಷಿನ ಮಾದರಿಯಂತೆ ಹತ್ತರ ಪದ ಮತ್ತು ಬಿಡಿಯ ಪದಗಳ ನಡುವೆ ಜಾಗ ಬಿಟ್ಟು ಜೋಡಿಸಿದರೆ ‘ಇಪ್ಪತ್ತು ಒಂದು’ ಎಂದು ಬರುತ್ತದೆ. ಅರ್ಥವಾಗುತ್ತದೆ, ಆದರೆ ಯಾರೂ ಹಾಗೆ ಬರೆಯುವುದಿಲ್ಲ.

ಹಾಗಾಗಿ ಹೆಚ್ಚಿನವರು ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಪದಗಳ ಪಟ್ಟಿ ಮಾಡಿಬಿಡುತ್ತಾರೆ. ಪ್ರೋಗ್ರಾಂ ಚಿಕ್ಕದಾಗುತ್ತದೆ, ಓದಲೂ ಸುಲಭ. ತೊಂದರೆಯೆಂದರೆ, ಪಟ್ಟಿಯ ನಡುವೆ ಎಲ್ಲಾದರೂ ಒಂದು ಅಲ್ಪವಿರಾಮ ಬಿಟ್ಟುಹೋದರೆ ಪೈಥಾನ್ ದೂರು ಹೇಳದೆ ಅಕ್ಕಪಕ್ಕದ ಎರಡು ಸ್ಟ್ರಿಂಗ್‌ಗಳನ್ನು ಒಂದಾಗಿ ಅಂಟಿಸುತ್ತದೆ, ಅದರ ಮುಂದಿನ ಪದಗಳೆಲ್ಲ ಒಂದೊಂದು ಸ್ಥಾನ ಹಿಂದೆ ಸರಿಯುತ್ತವೆ, 53 ಕೇಳಿದರೆ ‘ಐವತ್ತನಾಲ್ಕು’ ಬರುತ್ತದೆ. ಹಿಂದಿಯಲ್ಲಿ ಆ ನೂರು ಪದಗಳು ಒಂದೊಂದೂ ತನ್ನದೇ ರೂಪ ತಾಳಿರುವುದರಿಂದ ಪಟ್ಟಿ ಬೇಕೇ ಬೇಕು. ಕನ್ನಡಕ್ಕೆ ಆ ಹೊರೆ ಏಕೆ?

ನನಗೆ ಹಿಡಿಸಿದ್ದು ಇನ್ನೊಂದು ದಾರಿ, ಅಂದರೆ ಶಾಲೆಯಲ್ಲಿ ಕಲಿತ ಲೋಪಸಂಧಿಯನ್ನೇ ಫಂಕ್ಷನ್ ಆಗಿ ಬರೆಯುವುದು. ಇಪ್ಪತ್ತರಿಂದ ತೊಂಬತ್ತರವರೆಗಿನ ಎಂಟೂ ಪದಗಳು ‘ತ್ತು’ ಎಂದೇ ಮುಗಿಯುತ್ತವೆ. ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಖ್ಯೆಯನ್ನು ಸಂಕೇತವಾಗಿ ಕೊಡುವ ಯೂನಿಕೋಡಿನಲ್ಲಿ ಕೊನೆಯ ಉಕಾರ ಪ್ರತ್ಯೇಕ ಸಂಕೇತವಾದ್ದರಿಂದ ಅದೊಂದನ್ನು ಕತ್ತರಿಸಿದರೆ ‘ಇಪ್ಪತ್ತ’ ಉಳಿಯುತ್ತದೆ. ಇದಕ್ಕೆ ‘ಒಂದು’ ಸೇರಬೇಕಾದರೆ ಒಕಾರವು ಸ್ವರಚಿಹ್ನೆಯಾಗಬೇಕು. ‘ಒ’ ಅಕ್ಷರದ ಸಂಕೇತ 3218, ಅದರ ಸ್ವರಚಿಹ್ನೆಯ ಸಂಕೇತ 3274, ವ್ಯತ್ಯಾಸ 56. ಆ, ಎ, ಏ, ಐ ಅಕ್ಷರಗಳಿಗೂ ವ್ಯತ್ಯಾಸ ಅಷ್ಟೇ. ಹಾಗಾಗಿ ಬಿಡಿ ಪದದ ಮೊದಲ ಅಕ್ಷರ ಸ್ವರವಾಗಿದ್ದರೆ 56 ಕೂಡಿಸಿ ಅಂಟಿಸಿದರಾಯಿತು: ಇಪ್ಪತ್ತೊಂದು, ಮೂವತ್ತೈದು, ಅರವತ್ತೇಳು. ಮೂರು ಮತ್ತು ನಾಲ್ಕು ವ್ಯಂಜನದಿಂದ ಆರಂಭವಾಗುವುದರಿಂದ ಏನನ್ನೂ ಕೂಡಿಸಬೇಕಿಲ್ಲ. ‘ಇಪ್ಪತ್ತಮೂರು’ ತಾನಾಗಿ ಬರುತ್ತದೆ. ಸೊನ್ನೆಯಿಂದ ಹತ್ತೊಂಬತ್ತರವರೆಗಿನ ಇಪ್ಪತ್ತು ಪದಗಳು ಮತ್ತು ಈ ಎಂಟು ಪದಗಳಷ್ಟೇ ಸಾಕು. ಬಿಡಿ ಸ್ಥಾನದಲ್ಲಿ ಸೊನ್ನೆ ಇದ್ದಾಗ ಮಾತ್ರ ಜೋಡಣೆಯನ್ನು ತಡೆಯಬೇಕು, ಇಲ್ಲವಾದರೆ ‘ಇಪ್ಪತ್ತಸೊನ್ನೆ’ ಎಂಬ ವಿಚಿತ್ರ ಪದ ಹುಟ್ಟುತ್ತದೆ.

ನೂರುಗಳಲ್ಲಿ ನಿಯಮ ಸೋಲುತ್ತದೆ. ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರು ಇವನ್ನು ಕಟ್ಟಲು ಹೋಗುವುದಕ್ಕಿಂತ ಒಂಬತ್ತು ಪದಗಳ ಚಿಕ್ಕ ಪಟ್ಟಿಯೇ ಲೇಸು. ಮುಂದೆ ಶೇಷವಿದ್ದರೆ ಉಕಾರ ಕತ್ತರಿಸಿ ‘ಇನ್ನೂರ ಐವತ್ತು’ ಎನ್ನಬಹುದು. ಮೇಲಕ್ಕೆ ಹೋದಾಗ ಕೋಟಿ, ಲಕ್ಷ, ಸಾವಿರಗಳಿಂದ ಕ್ರಮವಾಗಿ ಭಾಗಿಸುತ್ತ, ಶೇಷ ಉಳಿದಾಗ ಸಾವಿರ ಮತ್ತು ಲಕ್ಷಕ್ಕೆ ‘ದ’, ಕೋಟಿಗೆ ‘ಯ’ ಸೇರಿಸಬೇಕು.

‘ನಂ2ವರ್ಡ್ಸ್’ ಎಂಬ ಸಿದ್ಧ ಲೈಬ್ರರಿಯ (ಬೇರೆಯವರು ಬರೆದಿಟ್ಟ ಕೋಡಿನ ಸಂಗ್ರಹದ) ಭಾಷೆಗಳಲ್ಲಿ ಕನ್ನಡವೂ ಇದೆ. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ, ಕಲಿಯುವವನಿಗೆ ಮಾತ್ರ ಏನೂ ದಕ್ಕುವುದಿಲ್ಲ. ನಿಜವಾದ ಬಿಲ್ಲಿಂಗ್ ಕೆಲಸಕ್ಕೆ ಅದನ್ನು ಬಳಸುವವರೂ 0, 20, 101, 1,00,000 ಇಂಥ ಅಂಚಿನ ಸಂಖ್ಯೆಗಳನ್ನು ಕೊಟ್ಟು, ಬಂದದ್ದನ್ನು ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯದು. ಇನ್ನು ‘ಇಪ್ಪತ್ನಾಲ್ಕು’ ಎಂಬಂಥ ಆಡುಮಾತಿನ ರೂಪಗಳೇ ಬೇಕೆನ್ನುವವರಿಗೆ ನೂರು ಪದಗಳ ಪಟ್ಟಿಯೇ ಅನುಕೂಲ, ಏಕೆಂದರೆ ಅಲ್ಲಿ ಬೇಕಾದ ಪದವನ್ನಷ್ಟೇ ತಿದ್ದಬಹುದು.