ಶಿರಸಿಯಲ್ಲಿ ಜೆಟ್ ಕೂರಿಸಿ ಕುಮಟಾದಲ್ಲಿ ಫುಲ್ ಥ್ರಾಟಲ್ ಕೊಡಬೇಡಿ

ಬಲಭುಜದ ಮೂಳೆ ಮುರಿದಿದೆ, ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಸುಧಾರಿಸಿಕೊಳ್ಳಿ. ಯಮಹಾ ಆರ್‌ಎಕ್ಸ್ 100 ಬೈಕಿನ ಎಂಜಿನ್ನನ್ನು ಕಡಿಮೆ ದುಡ್ಡಲ್ಲಿ ಡ್ರ್ಯಾಗ್‌ಗೆ (ನೇರ ರಸ್ತೆಯ ರೇಸಿಗೆ) ರೆಡಿ ಮಾಡುವ ಆಸೆ ಇರುವವರು ಇದನ್ನು ಓದಿ ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಗಾಡಿ ಅಪ್ಪನದು. ತೋಟದಿಂದ ಅಡಿಕೆ ಚೀಲ ಹೇರಿಕೊಂಡು ಪೇಟೆಗೆ ಹೋಗಿ ಬರುತ್ತಿದ್ದ ಗಾಡಿ. 98 ಸಿಸಿ, 7500 ಆರ್‌ಪಿಎಂನಲ್ಲಿ 11 ಹಾರ್ಸ್‌ಪವರ್, ಕಂಪನಿ ಕೊಟ್ಟಿದ್ದು ಅಷ್ಟೇ. ನನ್ನ ಬಜೆಟ್ 15,000. ಬ್ಲಾಕ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ, ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ಎತ್ತರಿಸಿದೆ, ಹೆಡ್ ತೇಯಿಸಿದೆ, 28 ಎಂಎಂ ಕಾರ್ಬ್ (ಕಾರ್ಬ್ಯುರೇಟರ್), ಲೋಕಲ್ ಚೇಂಬರ್ ಸೈಲೆನ್ಸರ್. ಅಲ್ಲಿಗೆ ದುಡ್ಡು ಖಾಲಿ. ಪಿಸ್ಟನ್ ರಾಡ್ ತಿರುಗಿಸುವ ಕ್ರ್ಯಾಂಕ್, ರಾಡ್ ಅದಕ್ಕೆ ಸೇರುವಲ್ಲಿರುವ ಬಿಗ್ ಎಂಡ್ ಬೇರಿಂಗ್ ಮಾತ್ರ ಅಪ್ಪನ ಕಾಲದ್ದೇ. ವರ್ಕ್‌ಶಾಪಿನವರು "ಏನೂ ಆಗೂದಿಲ್ಲ, ಎಳೀರಿ" ಅಂದರು. ನನಗೂ ಕೇಳಬೇಕಿದ್ದದ್ದು ಅದೇ ಮಾತು. ಈಗ ಲೆಕ್ಕ ಹಾಕಿದರೆ, 11,000 ಆರ್‌ಪಿಎಂಗೆ ಎಳೆದಾಗ ರಾಡ್ ಮೇಲೆ ಬೀಳುವ ಎಳೆತ 7500ರಲ್ಲಿ ಬೀಳುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ.

ಶಿರಸಿಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ ಮೇನ್ ಜೆಟ್ (ಕಾರ್ಬ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ಬಿಡಿಭಾಗ) ಕೂರಿಸಿದೆ. ಪ್ಲಗ್ ತೆಗೆದು ನೋಡಿದಾಗ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ಮಸಿ ಇರಬೇಕು ಅಂತ ಬನಿಯನ್ ಚೂರಲ್ಲಿ ಒರೆಸಿ ಮತ್ತೆ ಹಾಕಿದೆ. ಒಳಗೆ ನಾಕ್ ಆಗಿ, ಅಂದರೆ ಮಿಕ್ಸ್ಚರ್ ಹದ ತಪ್ಪಿ ಸಿಡಿದು, ಪಿಸ್ಟನ್ನು ಪುಡಿಪುಡಿಯಾಗಿ ಏಳೋಕೆ ಶುರುವಾಗಿತ್ತು, ಅದು ಅಲ್ಲೇ ಬರೆದಿಟ್ಟ ಹಾಗಿತ್ತು, ನಾನು ಒರೆಸಿದೆ ಅಷ್ಟೇ.

ಮರುದಿನ ಪಿಕಪ್‌ನಲ್ಲಿ ಹಾಕಿಕೊಂಡು ದೇವಿಮನೆ ಘಟ್ಟ ಇಳಿದೆವು. ಕುಮಟಾ ಹತ್ತಿರ ಪರಿಚಯದವರೊಬ್ಬರ ಸಿಗಡಿ ಕೆರೆಗೆ ಹೋಗುವ ಸ್ವಂತ ರಸ್ತೆ, ಮುಕ್ಕಾಲು ಕಿಲೋಮೀಟರ್ ನೇರ. ಡ್ರ್ಯಾಗ್ ಅಳತೆ ಕಾಲು ಮೈಲಿ, ಅಂದರೆ 402 ಮೀಟರ್‌ಗೆ ಸುಣ್ಣದ ಗೆರೆ ಎಳೆದೆವು. ಬೆಳಗ್ಗೆ ಆರೂವರೆ, ಡಿಸೆಂಬರ್ ಚಳಿ. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಕೆಳಗೆ ಬಂದಾಗ ಗಾಳಿ ದಪ್ಪ, ಅದರಲ್ಲೂ ಬೆಳಗಿನ ತಂಪಿಗೆ ಇನ್ನೂ ದಪ್ಪ, ಅದೇ ಜೆಟ್ ಇಟ್ಟರೆ ಪೆಟ್ರೋಲ್ ಕಮ್ಮಿಯಾಗಿ ಮಿಕ್ಸ್ಚರ್ ಲೀನ್ ಆಗುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ. ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್ (20% ಎಥನಾಲ್ ಬೆರೆಸಿದ್ದು) ಬೇರೆ, ಹಳೇ ಕಾರ್ಬ್‌ನಲ್ಲಿ ಅದು ಮೊದಲೇ ಸ್ವಲ್ಪ ಲೀನ್. ಇದೆಲ್ಲ ಗೊತ್ತಿರಲಿಲ್ಲ ಅಂತಲ್ಲ. ಎರಡು ನಂಬರ್ ದೊಡ್ಡ ಜೆಟ್ ಜೇಬಲ್ಲೇ ಇತ್ತು. ಬದಲಿಸಲು ಹತ್ತು ನಿಮಿಷ ಬೇಕು, ಒಂದು ರನ್ ಆಗಲಿ ಅಂತ ಬಿಟ್ಟೆ.

ಮೊದಲ ರನ್ ಚೆನ್ನಾಗಿತ್ತು. ಎರಡನೆಯದು ಇನ್ನೂ ಚೆನ್ನಾಗಿತ್ತು, ಸೌಂಡ್ ತೆಳ್ಳಗೆ, ಚೂಪಾಗಿ, ಶಿಳ್ಳೆ ಹೊಡೆದ ಹಾಗೆ. ಗೆಳೆಯರೆಲ್ಲ ಕೂಗಿದರು. ಟೂ ಸ್ಟ್ರೋಕ್ ಸಾಯುವ ಮೊದಲು ಹಾಗೇ ಹಾಡುತ್ತದಂತೆ, ನನಗೆ ಆಮೇಲೆ ಗೊತ್ತಾಯಿತು. ಮೂರನೇ ರನ್, ಮೂರನೇ ಗೇರ್, ಹಿಂದಿನ ಚಕ್ರ ಟಕ್ ಅಂತ ಲಾಕ್. ಕ್ಲಚ್ ಮೇಲೆ ಬೆರಳು ಇರಲಿಲ್ಲ, ಇದ್ದಿದ್ದರೆ ಹಿಡಿದು ಚಕ್ರ ಬಿಡಿಸಬಹುದಿತ್ತು. ಹೆಲ್ಮೆಟ್, ಜಾಕೆಟ್ ಇತ್ತು, ಅದಕ್ಕೇ ಬರೀ ಭುಜಕ್ಕೆ ಮುಗಿಯಿತು.

ಬಿಚ್ಚಿದರೆ ಪಿಸ್ಟನ್ ತಲೆಯಲ್ಲಿ ಎಕ್ಸಾಸ್ಟ್ ಕಡೆ ಬಟಾಣಿಯಷ್ಟು ತೂತು. ಪ್ಲಗ್ ತುದಿಯಲ್ಲಿ ಕರಗಿದ ಅಲ್ಯೂಮಿನಿಯಂ ರವೆ ಕಾಳಿನ ಹಾಗೆ ಅಂಟಿತ್ತು. ಬಿಗ್ ಎಂಡ್ ಬೇರಿಂಗ್ ಕೇಜ್ ಚೂರುಚೂರು, ರಾಡ್ ಬಗ್ಗಿ ಕ್ರ್ಯಾಂಕ್‌ಕೇಸ್‌ಗೆ ಬಿರುಕು. ರಿಪೇರಿ ಅಂದಾಜು 32,000, ಆಸ್ಪತ್ರೆ ಬಿಲ್ ಬೇರೆ.

ದುಡ್ಡು ಕಮ್ಮಿ ಇದ್ದರೆ ಮೊದಲು ಕ್ರ್ಯಾಂಕ್ ಮತ್ತು ಬೇರಿಂಗ್‌ಗೆ ಹಾಕಿ, ಪೋರ್ಟಿಂಗ್ ಮುಂದಿನ ವರ್ಷ ಮಾಡಿಸಿ. ಘಟ್ಟ ಇಳಿದ ಮೇಲೆ ಮೊದಲು ದೊಡ್ಡ ಜೆಟ್, ಆಮೇಲೆ ಪ್ಲಗ್ ನೋಡಿಕೊಂಡು ಒಂದೊಂದೇ ನಂಬರ್ ಇಳಿಸಿ. ಕ್ಲಚ್ ಮೇಲೆ ಎರಡು ಬೆರಳು ಯಾವಾಗಲೂ ಇರಲಿ.

ಅಪ್ಪ ಏನೂ ಬೈಯಲಿಲ್ಲ. ನಿನ್ನೆ ಕೊಟ್ಟಿಗೆಗೆ ಹೋಗಿ, ಎಂಜಿನ್ ಇಲ್ಲದ ಚಾಸಿಗೆ ತಾಡಪಾಲು ಮುಚ್ಚಿ, ಬಸ್ಸಿಗೆ ಹೋದರು.