ಪೈಥಾನ್ ಅಸಿಂಕ್‌ಐಒ ಸಬ್‌ಪ್ರೊಸೆಸ್: ಶುರು ಮಾಡುವುದು ಸಲೀಸು, ನಿಲ್ಲಿಸುವುದೇ ಕಷ್ಟ

ಬೇರೆ ಪ್ರೋಗ್ರಾಂಗಳನ್ನು ಓಡಿಸಿ, ಹಲವನ್ನು ಒಟ್ಟಿಗೇ ಗಮನಿಸಲು ಪೈಥಾನ್‌ನಲ್ಲೇ ಇರುವ ಸೌಲಭ್ಯ ಈ ಅಸಿಂಕ್‌ಐಒ ಸಬ್‌ಪ್ರೊಸೆಸ್. ವಿಡಿಯೊ ಕನ್ವರ್ಟ್ ಮಾಡುವ ಸ್ಕ್ರಿಪ್ಟ್ ಒಂದನ್ನು ವರ್ಷಗಳಿಂದ ಇದರ ಮೇಲೇ ನಡೆಸುತ್ತಿದ್ದೇನೆ. ಎಲ್ಲ ಕೆಲಸಗಳನ್ನೂ ಸರದಿಯಲ್ಲಿ ನೋಡಿಕೊಳ್ಳುವ ಒಂದೇ ಈವೆಂಟ್ ಲೂಪ್, ಅದರ ಕೈಕೆಳಗೆ ವಿಡಿಯೊ ಕನ್ವರ್ಟ್ ಮಾಡುವ ಎಫ್‌ಎಫ್‌ಎಂಪೆಗ್ ಪ್ರೋಗ್ರಾಂನ ನಾಲ್ಕು ಪ್ರೊಸೆಸ್. ನನ್ನ ಕೋಡ್‌ನಲ್ಲಿ ಥ್ರೆಡ್‌ಗಳ ಗೋಜಿಲ್ಲ.

ಔಟ್‌ಪುಟ್ ಓದುವ ರೀತಿ ನನಗೆ ತುಂಬಾ ಇಷ್ಟ. ಒಂದು 'ಅಸಿಂಕ್ ಫಾರ್' ಹಾಕಿದರೆ ಪ್ರತಿ ಸಾಲೂ ಬಂದ ಹಾಗೇ ಕೈಗೆ ಸಿಗುತ್ತದೆ. ಎಫ್‌ಎಫ್‌ಎಂಪೆಗ್‌ಗೆ 'ಪ್ರೋಗ್ರೆಸ್' ಆಪ್ಷನ್ ಕೊಟ್ಟು ಸ್ಟ್ಯಾಂಡರ್ಡ್ ಔಟ್‌ಪುಟ್ ಕಡೆ ತಿರುಗಿಸುತ್ತೇನೆ. ಎಷ್ಟು ಫ್ರೇಮ್ ಆಯಿತು, ಎಲ್ಲಿಗೆ ಬಂತು ಅಂತ ಒಂದೊಂದೇ ಸಾಲು ಬರುತ್ತದೆ. ನಾಲ್ಕು ಫೈಲ್‌ಗಳ ಶೇಕಡಾ ಲೆಕ್ಕ ಒಟ್ಟಿಗೇ ಏರುವುದನ್ನು ನೋಡುವುದು ಇವತ್ತಿಗೂ ಬೇಜಾರಾಗಿಲ್ಲ. ಈ ಆಪ್ಷನ್ ಮಾತ್ರ ಬಿಡಬೇಡಿ. ಎಫ್‌ಎಫ್‌ಎಂಪೆಗ್‌ನ ಮಾಮೂಲಿ ಸ್ಟೇಟಸ್ ಸ್ಟ್ಯಾಂಡರ್ಡ್ ಎರರ್ ಅನ್ನುವ ಇನ್ನೊಂದು ಔಟ್‌ಪುಟ್ ದಾರಿಗೆ ಹೋಗುತ್ತದೆ, ಅದೂ ಕೆಳಗಿಳಿಯದೆ ಒಂದೇ ಸಾಲಿನ ಮೇಲೆ ಬರೆಯುತ್ತಾ ಹೋಗುತ್ತದೆ. ಅದನ್ನು ಓದಲು ಹೋದರೆ, ಒಂದೊಂದೇ ಸಾಲು ಓದುವ 'ರೀಡ್‌ಲೈನ್' ಸಾಲು ಮುಗಿಯಲಿ ಅಂತ ಕಾಯುತ್ತದೆ. 64 ಕೆಬಿ ಮಿತಿ ದಾಟಿತೋ, ವ್ಯಾಲ್ಯೂ ಎರರ್. ಚಿಕ್ಕ ವಿಡಿಯೊಗಳೆಲ್ಲ ಸರಾಗ, ಉದ್ದದ್ದು ಬಂದಾಗಲೇ ಎಡವಟ್ಟು.

ಇನ್ನು ನನ್ನ ದೊಡ್ಡ ದೂರು. ಮಾಮೂಲಿ ಸಬ್‌ಪ್ರೊಸೆಸ್ ಮಾಡ್ಯೂಲ್‌ನ 'ರನ್'ಗೆ ಟೈಮ್‌ಔಟ್ ಕೊಟ್ಟರೆ, ಹೊತ್ತು ಮೀರಿದಾಗ ಚೈಲ್ಡ್ ಪ್ರೊಸೆಸನ್ನು ಅದೇ ಕಿಲ್ ಮಾಡುತ್ತದೆ. ಅಸಿಂಕ್‌ಐಒದಲ್ಲಿ, ಪ್ರೊಸೆಸ್ ಮುಗಿಯುವವರೆಗೆ ಕಾಯುವ 'ವೇಟ್'ಗೂ, ಔಟ್‌ಪುಟ್ ಪೂರ್ತಿ ಓದಿ ಕಾಯುವ 'ಕಮ್ಯುನಿಕೇಟ್'ಗೂ ಟೈಮ್‌ಔಟ್ ಅನ್ನುವುದೇ ಇಲ್ಲ. ಸಮಯದ ಮಿತಿ ಹಾಕುವ 'ವೇಟ್-ಫಾರ್' ಒಳಗೆ ಅವನ್ನು ಸುತ್ತಬೇಕು. ಅದು ಕ್ಯಾನ್ಸಲ್ ಮಾಡುವುದು ನಾವು ಕಾಯುವುದನ್ನು, ಪ್ರೊಸೆಸನ್ನಲ್ಲ! ಟೈಮ್‌ಔಟ್ ಎರರ್ ಬರುತ್ತದೆ, ಕೋಡ್ ಮುಂದಿನ ಫೈಲ್‌ಗೆ ಹೋಗುತ್ತದೆ, ಹಳೆಯ ಎಫ್‌ಎಫ್‌ಎಂಪೆಗ್ ಸಿಪಿಯು ತಿನ್ನುತ್ತಾ ಅಲ್ಲೇ ಇರುತ್ತದೆ. ಒಟ್ಟಿಗೆ ಎಷ್ಟು ಓಡಬಹುದು ಅಂತ ಮಿತಿ ಹಾಕುವ ಸೆಮಫೋರ್‌ನಿಂದ ನಾಲ್ಕೇ ಅಂತ ಕಟ್ಟು ಮಾಡಿದರೂ, ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ 'ಟಾಪ್'ನಲ್ಲಿ ಜಾಸ್ತಿ ಕಾಣಿಸುತ್ತವೆ. ಸಿಟ್ಟು ಬರುತ್ತೆ ಅಲ್ವಾ?

ಕಿಲ್ ಮಾಡಿದರೂ ಮುಗಿಯುವುದಿಲ್ಲ. ಕಮಾಂಡ್‌ಗಳನ್ನು ಓಡಿಸುವ ಶೆಲ್ ಮೂಲಕ ಪೈಪ್‌ಲೈನ್ (ಒಂದರ ಔಟ್‌ಪುಟ್ ಇನ್ನೊಂದಕ್ಕೆ ಹೋಗುವ ಕಮಾಂಡ್ ಸಾಲು) ಓಡಿಸಿದ್ದರೆ ಸಾಯುವುದು ಶೆಲ್ ಮಾತ್ರ. ಅದು ಹುಟ್ಟುಹಾಕಿದ ಪ್ರೊಸೆಸ್‌ಗಳು ಪೈಪ್‌ನ ತುದಿ ಹಿಡಿದುಕೊಂಡೇ ಇರುತ್ತವೆ. ಪೈಪ್ ಮುಚ್ಚದೆ 'ಕಮ್ಯುನಿಕೇಟ್' ವಾಪಸ್ ಬರುವುದಿಲ್ಲ.

ಹಾಗಾಗಿ ಈಗ ಶೆಲ್ ಬಿಟ್ಟು, ಪ್ರೋಗ್ರಾಂ ಅನ್ನು ನೇರವಾಗಿ ಓಡಿಸುವ 'ಎಕ್ಸೆಕ್' ಬಳಸುತ್ತೇನೆ. ಪ್ರತಿ ಪ್ರೊಸೆಸನ್ನೂ ಹೊಸ ಸೆಷನ್‌ನಲ್ಲಿ ಶುರು ಮಾಡುತ್ತೇನೆ, ಆಗ ಅದಕ್ಕೆ ತನ್ನದೇ ಪ್ರೊಸೆಸ್ ಗ್ರೂಪ್ ಸಿಗುತ್ತದೆ. ಏನೇ ಆದರೂ ಕೊನೆಗೆ ಓಡುವ 'ಫೈನಲಿ' ಭಾಗದಲ್ಲಿ ಇಡೀ ಗ್ರೂಪ್‌ಗೆ ಮೊದಲು ಸಿಗ್‌ಟರ್ಮ್ (ನಿಲ್ಲಿಸು ಅಂತ ಕೇಳುವ ಸಿಗ್ನಲ್), ಐದು ಸೆಕೆಂಡ್ ಬಿಟ್ಟು ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸಿಗ್ನಲ್), ಕೊನೆಗೆ 'ವೇಟ್'. ಆ ಐದು ಸೆಕೆಂಡ್ ಸುಮ್ನೆ ಅಲ್ಲ. ಸಿಗ್‌ಟರ್ಮ್ ಸಿಕ್ಕರೆ ಎಫ್‌ಎಫ್‌ಎಂಪೆಗ್ ಬರೆಯುತ್ತಿದ್ದ ಫೈಲನ್ನು ಸರಿಯಾಗಿ ಮುಚ್ಚಿ, 255 ಅನ್ನುವ ಎಕ್ಸಿಟ್ ಕೋಡ್ ಕೊಟ್ಟು ಹೊರಡುತ್ತದೆ. ಸಿಗ್‌ಕಿಲ್ ಆದರೆ ಸಿಗುವುದು ಮೈನಸ್ 9, ಜೊತೆಗೆ ಅರ್ಧಂಬರ್ಧ ಫೈಲ್.

ಇದನ್ನೆಲ್ಲ ಒಮ್ಮೆ ಬರೆದಿಟ್ಟ ಮೇಲೆ ಸಿಟ್ಟು ಇಳಿದಿದೆ. ಹಲವು ಟಾಸ್ಕ್‌ಗಳನ್ನು ಒಂದೇ ಗುಂಪಾಗಿ ನಡೆಸುವ ಪೈಥಾನ್ 3.11ರ ಟಾಸ್ಕ್‌ಗ್ರೂಪ್ ಬಂದ ಮೇಲಂತೂ ಕೆಲಸ ಹಗುರವಾಯಿತು. ಒಂದು ಟಾಸ್ಕ್ ಎರರ್ ಕೊಟ್ಟರೆ ಉಳಿದವೆಲ್ಲ ಕ್ಯಾನ್ಸಲ್ ಆಗುತ್ತವೆ, ಒಂದೊಂದರ 'ಫೈನಲಿ'ಯೂ ಓಡಿ ಅದರದರ ಪ್ರೊಸೆಸನ್ನು ನಿಲ್ಲಿಸುತ್ತದೆ. 3.12ರಿಂದ ಹೊಸ ಲಿನಕ್ಸ್ ಕರ್ನಲ್‌ಗಳಲ್ಲಿ, ಚೈಲ್ಡ್ ಮುಗಿಯಿತಾ ಅಂತ ಕಾಯಲು ಪೈಥಾನ್ ಒಳಗೊಳಗೇ ಒಂದೊಂದಕ್ಕೂ ಬೇರೆ ಥ್ರೆಡ್ ಇಡಬೇಕಿಲ್ಲ.

ಒಂದು ಕಮಾಂಡ್ ಓಡಿಸಿ ಫಲಿತಾಂಶ ನೋಡುವಷ್ಟೇ ಕೆಲಸವಿದ್ದರೆ ಇದು ಬೇಡ, ಮಾಮೂಲಿ 'ರನ್' ಸಾಕು. ಹಲವು ಪ್ರೊಸೆಸ್‌ಗಳ ಮೇಲೆ ಒಟ್ಟಿಗೇ ಕಣ್ಣಿಡಬೇಕಾದವರು ಧೈರ್ಯವಾಗಿ ತಗೊಳ್ಳಿ, ಆದರೆ ನಿಲ್ಲಿಸುವ ಕೋಡನ್ನು ಮೊದಲು ಬರೆಯಿರಿ. ನನ್ನಿಂದ ಐದಕ್ಕೆ ನಾಲ್ಕು.